ಬೇಟೆಯ ತಿಂಗಳಲ್ಲಿ ಖಾದರ್ ಮೇಷ್ಟ್ರ ವಾಕಿಂಗು

ರೆಸ್ಟನ್

ಕಿತ್ತಳೆ ಬಣ್ಣದ ಕೋಟು ತೊಟ್ಟ ನಾಯಿಯನ್ನು ನಾನು ಮೊದಲು ನೋಡಿದ್ದು ಹರ್ನ್‌ಡನ್‌ನಲ್ಲೋ ಪಕ್ಕದ ರೆಸ್ಟನ್‌ನಲ್ಲೋ ಎಂದು ಈಗ ಖಚಿತವಾಗಿ ಹೇಳಲಾರೆ. ಎರಡೂ ಊರು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದು ಅಲ್ಲಿ ಹತ್ತು ವರ್ಷದಿಂದ ಇರುವ ಬಸವರಾಜನಿಗೂ ಗೊತ್ತಿರಲಿಲ್ಲ. ನನ್ನ ಡೈರಿಯಲ್ಲಿ ‘ಕೆರೆ, ನಾಯಿ, ಕೋಟು’ ಎಂದಷ್ಟೇ ಇದೆ. ಕೆರೆ ಇತ್ತೆಂದರೆ ರೆಸ್ಟನ್ ಇರಬೇಕು.

2017ರ ನವೆಂಬರ್ ತಿಂಗಳು. ಬಸವರಾಜ ನನ್ನ ಚಿಕ್ಕಪ್ಪನ ಮಗ, ಬಾಗಲಕೋಟೆಯವನು, ವಿಮಾನ ನಿಲ್ದಾಣದ ಹತ್ತಿರದ ಯಾವುದೋ ಕಂಪನಿಯಲ್ಲಿ ಎಂಜಿನಿಯರ್. ನಾನು ಅವನ ಮನೆಯಲ್ಲಿ ಇಳಿದುಕೊಂಡಿದ್ದೆ. ಅವನ ಮಗಳು ಇಂಚರಾ ನನ್ನನ್ನು ಸಂಜೆ ಕೆರೆಯ ಸುತ್ತ ಸುತ್ತಾಡಿಸಲು ಕರೆದುಕೊಂಡು ಬಂದಿದ್ದಳು. ಅವಳ ಅಪ್ಪ ಹಿಂದಿನಿಂದ ಫೋನಿನಲ್ಲಿ ಮಾತಾಡುತ್ತಾ ಬರುತ್ತಿದ್ದ. ಎದುರಿಗೆ ಒಬ್ಬ ಹೆಂಗಸು ಕಂದು ನಾಯಿಯೊಂದನ್ನು ಹಿಡಿದುಕೊಂಡು ಬಂದರು. ನಾಯಿಯ ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಕೋಟು.

“ಚಳಿಗಾ?” ಎಂದೆ.

“ಇಲ್ಲ ಅತ್ತೆ, ಸೇಫ್ಟಿ. ಇಟ್ಸ್ ಹಂಟಿಂಗ್ ಸೀಸನ್.”

“ನಾಯೀನ ಯಾರು ಬೇಟೆ ಆಡ್ತಾರೆ?”

“ನೋಬಡಿ. ಬಟ್ ನಾಯಿ ಬ್ರೌನ್ ಇದೆ. ಜಿಂಕೆ ಬ್ರೌನ್ ಇದೆ.” ಇಷ್ಟು ಹೇಳಿ ನನ್ನ ಶಾಲನ್ನು ಮೇಲಿಂದ ಕೆಳಗೆ ನೋಡಿದಳು. “ಯು ಆರ್ ಆಲ್ಸೋ ಬ್ರೌನ್, ಅತ್ತೆ.”

ಅವಳು ಹೇಳಿದ್ದು ಶಾಲಿನ ಬಣ್ಣವನ್ನೇ ಎಂದುಕೊಂಡೆ.

ದಾರಿಯ ಬಾಯಲ್ಲಿ ಒಂದು ಬೋರ್ಡು ಇತ್ತು. ಈ ಭಾಗದಲ್ಲಿ ಜಿಂಕೆಗಳು ಮಿತಿಮೀರಿವೆ, ಅವನ್ನು ಕಡಿಮೆ ಮಾಡಲು ಅನುಮತಿ ಪಡೆದವರು ಬಿಲ್ಲುಬಾಣ ಬಳಸುತ್ತಾರೆ, ನಡೆಯುವವರು ದಾರಿ ಬಿಟ್ಟು ಹೋಗಬಾರದು ಎಂದು ಅದರ ಸಾರಾಂಶ. ನಾನು ಎರಡು ಸಲ ಓದಿದೆ. ಮರಗಳ ಆಚೆ ಗಾಜಿನ ಆಫೀಸುಗಳ ದೀಪ ಕಾಣುತ್ತಿತ್ತು. ಅಲ್ಲಿ ಯಾರೋ ಕಂಪ್ಯೂಟರಿನ ಮುಂದೆ ಕೂತಿದ್ದಾರೆ, ಇಲ್ಲಿ ಯಾರೋ ಮರದ ಮೇಲೆ ಬಾಣ ಹೂಡಿ ಕೂತಿದ್ದಾರೆ.

ಬಸವರಾಜನಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. “ಅಕ್ಕಾ, ಜಿಂಕಿ ಅಂದ್ರ ನಿನಗ ಚಂದ ಕಾಣತಾವು. ನನಗ ಕಾರಿನ ಬಂಪರ್ ನೆನಪಾಗತೈತಿ. ಹೋದ ವರ್ಷ ಒಂದು ಓಡಿ ಬಂದು ಕಾರಿಗೆ ಬಡದು, ಎರಡು ವಾರ ನಾ ಬಸ್ಸಿನ್ಯಾಗ ಆಫೀಸಿಗೆ ಹೋದೆ. ನಮ್ಮೂರಾಗ ಎಮ್ಮಿ ಅಡ್ಡ ಬಂದ್ರ ಬೈಲಿಕ್ಕಾರ ಅದರ ಮಾಲಕ ಇರತಾನ. ಇಲ್ಲಿ ಯಾರಿಗೆ ಬೈಬೇಕು?”

ರೈಲು

ಅಲ್ಲಿಂದ ದಕ್ಷಿಣಕ್ಕೆ, ಡರ್ಹಮ್‌ಗೆ, ರೈಲಿನಲ್ಲಿ ಹೋದೆ. ಪಕ್ಕದ ಸೀಟಿನಲ್ಲಿ ಕೂತಿದ್ದಾತ ಮೈಗೆ ಒಣಗಿದ ಎಲೆಗಳ ಚಿತ್ರವಿದ್ದ ಬಟ್ಟೆ ತೊಟ್ಟಿದ್ದ. ತಲೆಗೆ ಮಾತ್ರ ಅದೇ ಕಿತ್ತಳೆ ಬಣ್ಣದ ಟೋಪಿ. ಮೈಯನ್ನು ಅಷ್ಟು ಶ್ರದ್ಧೆಯಿಂದ ಅಡಗಿಸಿ ತಲೆಯನ್ನು ದೀಪದಂತೆ ಉರಿಸುವುದು ಯಾವ ಲೆಕ್ಕ ಎಂದು ಬಹಳ ಹೊತ್ತು ಯೋಚಿಸಿ ಕೊನೆಗೆ ಕೇಳಿಯೇಬಿಟ್ಟೆ. ಅವನಿಗೆ ಖುಷಿಯಾಯಿತು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅಕ್ಕನ ಮನೆಗೆ ಹೊರಟಿದ್ದನಂತೆ. ಜಿಂಕೆಯ ಕಣ್ಣಿಗೆ ಈ ಕಿತ್ತಳೆ ಮಂಕಾಗಿ, ಒಣಹುಲ್ಲಿನ ಹಾಗೆ ಕಾಣುತ್ತದೆ. ಮನುಷ್ಯನ ಕಣ್ಣಿಗೆ ಮಾತ್ರ ಹೊಡೆದಂತೆ ಕಾಣುತ್ತದೆ ಎಂದ.

“ಜಿಂಕೆಗೆ ಕಾಣಬಾರದು, ನನ್ನ ಭಾವನಿಗೆ ಕಾಣಬೇಕು” ಎಂದು ನಕ್ಕ. “ಭಾವನ ಕನ್ನಡಕ ಹಳೇದು.”

ನಾನೂ ನಕ್ಕೆ. ಬೇಟೆಗಾರರು ಒಬ್ಬರನ್ನೊಬ್ಬರು ಹೊಡೆದುಕೊಳ್ಳದಿರಲು ಮಾಡಿಕೊಂಡ ಏರ್ಪಾಡು ಇದು ಎಂದುಕೊಂಡೆ. ಕಾಡಿನಲ್ಲಿ ಸುಮ್ಮನೆ ನಡೆಯುವವರಿಗೂ ಇದಕ್ಕೂ ಸಂಬಂಧವಿದೆ ಎಂದು ಆಗ ಹೊಳೆಯಲಿಲ್ಲ. ಇಂಚರಾ ಹೇಳಿದ್ದಳಲ್ಲ ಎಂದು ನೀವು ಕೇಳಬಹುದು. ಹೇಳಿದ್ದಳು. ಆದರೆ ಹತ್ತು ವರ್ಷದ ಮಕ್ಕಳು ಹೇಳಿದ್ದನ್ನು ನಾವು ತಮಾಷೆಯ ಪಟ್ಟಿಗೆ ಸೇರಿಸುತ್ತೇವೆ.

ಡರ್ಹಮ್

ನಸ್ರೀನ್ ಮತ್ತು ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಒಂದೇ ಬೆಂಚಿನಲ್ಲಿ ಕೂತವರು. ನಾನು ಧಾರವಾಡಕ್ಕೆ ವಾಪಸಾಗಿ ಕಾಲೇಜಿನಲ್ಲಿ ಪಾಠ ಮಾಡತೊಡಗಿದೆ. ಅವಳು ಡರ್ಹಮ್‌ನ ಒಂದು ಲ್ಯಾಬಿನಲ್ಲಿ ಜೀವಕೋಶ ಬೆಳೆಸುತ್ತಾಳೆ. ಗಂಡ ಆ ತಿಂಗಳು ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ಮನೆಯಲ್ಲಿ ಅವಳ ತಂದೆ ಖಾದರ್ ಮೇಷ್ಟ್ರು ಇದ್ದರು.

ಮೇಷ್ಟ್ರು ಮೈಸೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ಟರ್ ಆಗಿದ್ದವರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಬೆಳಗಿನ ನಮಾಜು ಮುಗಿದ ಕೂಡಲೇ ಬಿಳಿ ಪ್ಯಾಂಟು, ಬಿಳಿ ಕ್ಯಾನ್ವಾಸ್ ಶೂ, ಮೇಲೆ ತೀರಿಕೊಂಡ ಹೆಂಡತಿ ಹೆಣೆದಿದ್ದ ಕಂದು ಸ್ವೆಟರ್, ಬಿಳಿ ಟೋಪಿ ತೊಟ್ಟು ನಡೆಯಲು ಹೊರಡುತ್ತಾರೆ. ನಾನು ಅವರ ಮನೆಗೆ ಊಟಕ್ಕೆ ಹೋಗುತ್ತಿದ್ದ ದಿನಗಳಲ್ಲೂ ಹೀಗೇ ಇತ್ತು. ಸ್ವೆಟರ್ ಆಗ ಇತ್ತೋ ಇಲ್ಲವೋ; ನನ್ನ ನೆನಪು ಅವರಿಗೆ ಹಳೆಯ ದಿನಗಳಲ್ಲೂ ಅದನ್ನೇ ತೊಡಿಸಿಬಿಡುತ್ತದೆ.

ಮನೆಯ ಹಿಂದೆ ಒಂದು ಬೀದಿ ದಾಟಿದರೆ ಕಾಡು. ಓಕ್, ಪೈನ್ ಮರಗಳ ನಡುವೆ ದೊಡ್ಡ ಕೆರೆಯವರೆಗೆ ಹೋಗುವ ಕಾಲುದಾರಿ. ಮರಗಳ ಮೇಲೆ ಬಿಳಿ ಚುಕ್ಕೆ ಬಳಿದು ದಾರಿ ತೋರಿಸಿದ್ದಾರೆ. ಅದು ಸರ್ಕಾರದ ಕಾಡು. ಭಾನುವಾರ ಅಲ್ಲಿ ಬಂದೂಕು ಹಾರಿಸುವಂತಿಲ್ಲ, ಉಳಿದ ದಿನ ಹಾರಿಸಬಹುದು. ಹಾಗಾಗಿ ನಸ್ರೀನ್ ಮನೆಯಲ್ಲಿ ಒಂದು ಕಾನೂನು ಮಾಡಿದ್ದಳು: ಅಬ್ಬಾ ಭಾನುವಾರ ಮಾತ್ರ ಕಾಡಿಗೆ ಹೋಗಬಹುದು, ಮಿಕ್ಕ ದಿನ ಬಡಾವಣೆಯ ಕ್ಲಬ್‌ಹೌಸಿನ ಟ್ರೆಡ್‌ಮಿಲ್ಲು. ಬಾಗಿಲ ಹಿಂದೆ ಒಂದು ಕಿತ್ತಳೆ ವೆಸ್ಟ್ ಕೂಡ ತಂದು ನೇತುಹಾಕಿದ್ದಳು. ಅದರ ಬೆಲೆಯ ಚೀಟಿ ಇನ್ನೂ ಹಾಗೇ ಇತ್ತು.

ನಾನು ಬಂದ ದಿನವೇ ಈ ಜಗಳ ನನ್ನ ಮುಂದೆ ವಿಚಾರಣೆಗೆ ಬಂತು. ಅಪ್ಪ ಮಗಳು ನನ್ನೆದುರು ಕನ್ನಡ ಮಾತಾಡುತ್ತಿದ್ದರು, ಜಗಳ ನಿಜವಾಗಿ ಏರಿದಾಗ ಉರ್ದುವಿಗೆ ಹೋಗುತ್ತಿದ್ದರು.

“ನೀನೇ ಹೇಳಮ್ಮ” ಎಂದರು ಮೇಷ್ಟ್ರು. “ನಿಂತಲ್ಲೇ ನಡೆಯೋದಕ್ಕೆ ನಮ್ಮಲ್ಲಿ ಮಾರ್ಕ್ ಟೈಮ್ ಅಂತಾರೆ. ಲೇಟಾಗಿ ಬಂದ ಹುಡುಗರಿಗೆ ನಾನು ಕೊಡ್ತಿದ್ದ ಶಿಕ್ಷೆ ಅದು. ಈ ವಯಸ್ಸಲ್ಲಿ ನಾನು ಯಾವ ತಪ್ಪು ಮಾಡಿದ್ದೀನಿ?”

“ಅಬ್ಬಾ, ಹಾಗಾದ್ರೆ ಆರೆಂಜ್ ಹಾಕ್ಕೊಂಡು ಹೋಗಿ.”

“ಅದು ರೋಡ್ ಅಗೆಯೋರು ಹಾಕ್ಕೊಳ್ಳೋದು. ನಾನು ಡ್ರಿಲ್ ಮಾಸ್ಟರು. ನನ್ನ ಯೂನಿಫಾರ್ಮ್ ಬಿಳಿ.”

“ಡಾಕ್ಟರ್ ದಿನಾ ನಡೀರಿ ಅಂದಿದ್ದಾರೆ, ಎಲ್ಲಿ ನಡೀಬೇಕು ಅಂತ ಹೇಳಿಲ್ಲ.”

“ಸರಿ. ಕಾಡು ಬೇಡ ಅಂದ್ರೆ ನನ್ನ ವಾಪಸ್ ಟಿಕೆಟ್ ಬೇಗ ಮಾಡಿಸು. ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಇದೆ. ಅಲ್ಲಿ ಯಾರೂ ಗುಂಡು ಹಾರಿಸಲ್ಲ.”

ನಸ್ರೀನ್ ಆಮೇಲೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ನನಗೆ ಹೇಳಿದಳು: ಅಮ್ಮ ಹೋದ ಮೇಲೆ ಅಪ್ಪ ಬಂದು ಒಂದು ಚಳಿಗಾಲ ಪೂರ್ತಿ ಇರಲು ಒಪ್ಪಿದ್ದು ಇದೇ ಮೊದಲು. ನಡೆಯಲು ಬಿಡದಿದ್ದರೆ ಹೊರಟುಹೋಗುತ್ತಾರೆ. ಬಿಟ್ಟರೆ ಏನಾಗುತ್ತದೋ ಎಂದು ದಿನವೂ ಲ್ಯಾಬಿನಲ್ಲಿ ಫೋನು ನೋಡುತ್ತಾ ಕೂರಬೇಕು.

“ನೀನಿರೋವಷ್ಟು ದಿನ ಅವರ ಜೊತೆ ಹೋಗೇ” ಎಂದಳು. “ನೀನಿದ್ರೆ ನನಗೆ ಧೈರ್ಯ.”

ನಾನು ಒಪ್ಪಿದೆ. ನನ್ನ ಮೇಲೆ ಅವಳಿಗೆ ಯಾಕೆ ಧೈರ್ಯವಿತ್ತು ಎಂದರೆ, ನಾನು ವಿದ್ಯಾರ್ಥಿಗಳನ್ನು ನಾಗರಹೊಳೆಗೂ ದಾಂಡೇಲಿಗೂ ಕರೆದುಕೊಂಡು ಹೋದವಳು. ಕಾಡಿನಲ್ಲಿ ಹೇಗಿರಬೇಕೆಂದು ಗೊತ್ತಿದೆ ಎಂದು ನಾನೂ ತಿಳಿದಿದ್ದೆ.

ಹಬ್ಬದ ಬೆಳಗ್ಗೆ

ಗುರುವಾರ ಥ್ಯಾಂಕ್ಸ್‌ಗಿವಿಂಗ್, ಅಲ್ಲಿನವರ ದೊಡ್ಡ ಹಬ್ಬ. ಹಿಂದಿನ ದಿನವೇ ಬೀದಿಯಲ್ಲಿ ಸದ್ದಡಗಿತ್ತು. ಅಂಗಡಿ, ಬ್ಯಾಂಕು, ಶಾಲೆ ಎಲ್ಲಕ್ಕೂ ರಜ. ನಸ್ರೀನ್ ಮಾತ್ರ, ಜೀವಕೋಶಗಳಿಗೆ ಹಬ್ಬ ಗೊತ್ತಿಲ್ಲ ಎಂದು ನಸುಕಿನಲ್ಲೇ ಎದ್ದು ಲ್ಯಾಬಿಗೆ ಹೊರಟುಹೋಗಿದ್ದಳು.

ನಾನು ಕಾಫಿ ಸೋಸುತ್ತಿದ್ದಾಗ ಮೇಷ್ಟ್ರು ಶೂ ಕಟ್ಟಿಕೊಂಡು ಸಿದ್ಧವಾಗಿ ನಿಂತಿದ್ದರು. ಇವತ್ತು ಕಾಡಿಗೆ ಹೋಗಬಹುದು ಎಂದು ಮೊದಲು ಅಂದವರು ಯಾರು? ಅವರು ಎಂದು ನನ್ನ ನೆನಪು. ನಾನು ಎಂದು ಅವರ ನೆನಪು. ತರ್ಕವಂತೂ ಇಬ್ಬರದ್ದೂ ಒಂದೇ ಆಗಿತ್ತು: ಹಬ್ಬವೆಂದರೆ ಭಾನುವಾರಕ್ಕಿಂತ ದೊಡ್ಡ ರಜ. ದೊಡ್ಡ ಹಬ್ಬದ ಬೆಳಗ್ಗೆ ಮನೆ ಮಂದಿಯೆಲ್ಲ ಎಣ್ಣೆಸ್ನಾನ, ಅಡುಗೆ, ನೆಂಟರು ಎಂದು ಮನೆಯಲ್ಲೇ ಇರುತ್ತಾರೆ. ಆವತ್ತು ಕೋವಿ ಹಿಡಿದು ಕಾಡಿಗೆ ಯಾರು ಹೋಗುತ್ತಾರೆ?

“ಬಕ್ರೀದ್ ದಿನ ಯಾರಾದ್ರೂ ಮೀನು ಹಿಡಿಯೋಕೆ ಹೋಗ್ತಾರಾ?” ಎಂದರು ಮೇಷ್ಟ್ರು. ನನಗದು ಗಟ್ಟಿ ವಾದವಾಗಿಯೇ ಕಂಡಿತು.

ಕಿತ್ತಳೆ ವೆಸ್ಟ್ ಬಾಗಿಲ ಹಿಂದೆ ತೂಗುತ್ತಿತ್ತು. ಅವರು ಅದನ್ನು ನೋಡಲಿಲ್ಲ. ನಾನು ಕಾಡಿಗೆ ತಕ್ಕ ಬಟ್ಟೆ ಎಂದು ಮಣ್ಣಿನ ಬಣ್ಣದ ಶಾಲನ್ನೇ ಆರಿಸಿಕೊಂಡೆ. ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದದ್ದೂ ಅದೇ: ಕಣ್ಣಿಗೆ ಹೊಡೆಯುವ ಬಣ್ಣ ಬೇಡ, ಮಾತು ಬೇಡ, ಮೆಲ್ಲಗೆ ಹೆಜ್ಜೆ ಇಡಿ. ನಮ್ಮ ಕಾಡಿನಲ್ಲಿ ನಾವು ಇದ್ದೇವೆಂದು ಯಾರಿಗೂ ಗೊತ್ತಾಗಬಾರದು.

ಬೆಳಕು ಇನ್ನೂ ಹರಿಯುತ್ತಿತ್ತು. ಹಿಂದಿನ ದಿನ ಗಾಳಿ ಬೀಸಿ ಎಲೆಗಳೆಲ್ಲ ಉದುರಿದ್ದವು, ಕಾಲುದಾರಿ ಮುಚ್ಚಿಹೋಗಿತ್ತು. ಸ್ವಲ್ಪ ದೂರ ಬಿಳಿ ಚುಕ್ಕೆ ಹಿಡಿದು ನಡೆದೆವು. ಒಂದು ಇಳಿಜಾರಿನಲ್ಲಿ ಚುಕ್ಕೆ ಸಿಗಲಿಲ್ಲ. ಸುತ್ತ ನೋಡಿದರೆ ಮರದ ಮೇಲೆ ಎದೆಯ ಎತ್ತರಕ್ಕೆ ನೇರಳೆ ಬಣ್ಣದ ಉದ್ದ ಪಟ್ಟಿ. ಅದರಾಚೆಯ ಮರದಲ್ಲೂ ಅದೇ ಪಟ್ಟಿ.

“ಹೊಸ ಪೇಂಟು” ಎಂದರು ಮೇಷ್ಟ್ರು ಪಿಸುದನಿಯಲ್ಲಿ. ನಾನು ಕಲಿಸಿದ ಪಿಸುದನಿ ಅದು. “ದಾರಿ ಬದಲಾಯಿಸಿರಬೇಕು.”

ನಮ್ಮಲ್ಲಿ ಅರಣ್ಯ ಇಲಾಖೆಯವರು, ಲೋಕೋಪಯೋಗಿಯವರು ಮರಗಳಿಗೆ ಎಷ್ಟೋ ಬಣ್ಣ ಬಳಿಯುತ್ತಾರೆ, ಯಾವುದಕ್ಕೂ ನಾವು ಹೆದರಿದವರಲ್ಲ. ನೇರಳೆ ಪಟ್ಟಿ ಹಿಡಿದು ನಡೆದೆವು. ಎಲೆಗಳ ಮೇಲೆ ಸದ್ದಾಗದಂತೆ, ಒಬ್ಬರ ಹಿಂದೆ ಒಬ್ಬರು. ಪಟ್ಟಿಗಳ ಸಾಲನ್ನು ಎಲ್ಲೋ ದಾಟಿ ಒಳಗೆ ಬಂದಿದ್ದೆವು. ಎಲ್ಲಿ ಎಂದು ಹೇಳಲಾರೆ. ಮುಂದೆ ಮೇಷ್ಟ್ರು. ಮರಗಳ ಕಾಂಡದ ನಡುವೆ ಅವರ ಕಂದು ಸ್ವೆಟರ್ ಕಾಣದಾಗುತ್ತಿತ್ತು, ಬಿಳಿ ಪ್ಯಾಂಟು ಮಾತ್ರ ಮಿನುಗಿ ಮರೆಯಾಗುತ್ತಿತ್ತು. ನಾನದನ್ನು ಗಮನಿಸಿದ್ದೆ. ಚೆಂದ ಎನಿಸಿತ್ತು.

ಆಗ ‘ಟಿಕ್’ ಎಂದು ಸಣ್ಣ ಸದ್ದು ಕೇಳಿದ್ದು ನನಗೆ ನೆನಪಿದೆ. ಲೋಹದ ಸದ್ದು. ಆಮೇಲೆ ಎಲ್ಲೋ ಮೇಲಿನಿಂದ, ಕೊಂಬೆಗಳ ನಡುವಿನಿಂದ, ಒಂದು ಗಂಡಸಿನ ದನಿ.

“ನಿಲ್ಲಿ. ದಯವಿಟ್ಟು ಅಲ್ಲೇ ನಿಲ್ಲಿ.”

ಅದು ಇಂಗ್ಲಿಷಿನ ‘ಹಾಲ್ಟ್’ ಆಗಿತ್ತೋ ‘ಸ್ಟಾಪ್’ ಆಗಿತ್ತೋ ತಿಳಿಯದು. ಮೇಷ್ಟ್ರು ಮಾತ್ರ ಜೀವನವಿಡೀ ಕೊಟ್ಟ ಆಜ್ಞೆಯನ್ನು ಪಾಲಿಸಿದರು. ಒಂದು, ಎರಡು ಎಂದು ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಂತುಬಿಟ್ಟರು. ಕೈ ತೊಡೆಯ ಪಕ್ಕಕ್ಕೆ.

“ಎಷ್ಟು ಜನ ಇದ್ದೀರಿ? ಮಾತಾಡಿ. ಮಾತಾಡ್ತಾನೇ ಇರಿ.”

ನನ್ನ ಬಾಯಿಂದ ಒಂದು ಅಕ್ಷರ ಬರಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಮಾತಾಡಿದವಳು ನಾನು. ಮೇಷ್ಟ್ರು ಎದೆಯುಬ್ಬಿಸಿ, ಮೈದಾನದ ಆ ತುದಿಗೆ ಕೇಳುವ ದನಿಯಲ್ಲಿ “ಸಾವಧಾನ್” ಎಂದರು. ಬಹುಶಃ ನನಗೆ. ಆಮೇಲೆ “ಟೂ ಪೀಪಲ್, ಸರ್. ಒನ್ ಲೇಡಿ” ಎಂದು ಕೂಗಿದರು.

ಅಲ್ಲೇ ಮುಂದೆ, ಪೈನ್ ಮರಕ್ಕೆ ಕಟ್ಟಿದ ಏಣಿಯ ತುದಿಯಲ್ಲಿ ಪುಟ್ಟ ಅಟ್ಟಣಿಗೆ. ಅಲ್ಲಿ ಕಿತ್ತಳೆ ಟೋಪಿ. ಮೊದಲು ಹಗ್ಗ ಕಟ್ಟಿ ಬಂದೂಕನ್ನು ಇಳಿಬಿಟ್ಟ. ಗುಂಡು ತೆಗೆದಿದ್ದೇನೆ ಎಂದು ಮೇಲಿಂದಲೇ ಹೇಳಿದ. ಬಂದೂಕು ನೆಲ ಮುಟ್ಟಿದ ಮೇಲೆ ತಾನು ಇಳಿದ. ಐವತ್ತು ದಾಟಿದ ದಪ್ಪನೆಯ ಮನುಷ್ಯ, ಹೆಸರು ಡೇಲ್. ಅವನು ಬೈಯುತ್ತಾನೆ ಎಂದು ಕಾಯುತ್ತಿದ್ದೆ. ಅವನು ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಕೂತುಬಿಟ್ಟ. ಅವನ ಕೈ ಮಂಡಿಯ ಮೇಲೆ ನಿಲ್ಲುತ್ತಿರಲಿಲ್ಲ.

“ಸರ್, ಇಲ್ಲಿನ ಜಿಂಕೆಯ ಬಾಲದ ಕೆಳಗೆ ಬಿಳಿ ಇರುತ್ತೆ” ಎಂದ. ಮೇಷ್ಟ್ರ ಪ್ಯಾಂಟನ್ನೇ ನೋಡುತ್ತಿದ್ದ. “ಓಡುವಾಗ ಬಾಲ ಎತ್ತುತ್ತೆ. ಮರಗಳ ನಡುವೆ ನಮಗೆ ಮೊದಲು ಕಾಣೋದು ಆ ಬಿಳಿ. ನೀವು ಸದ್ದೂ ಮಾಡಲಿಲ್ಲ.”

ಆಮೇಲೆ ತುಸು ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದ. ನೇರಳೆ ಪಟ್ಟಿ ದಾರಿಯದಲ್ಲ. ಒಳಗೆ ಬರಬೇಡಿ, ಇದು ಖಾಸಗಿ ಜಮೀನು ಎನ್ನಲು ಬೋರ್ಡಿನ ಬದಲು ಬಳಿಯುವ ಬಣ್ಣ ಅದು. ಅವನೇ ಬೇಸಿಗೆಯಲ್ಲಿ ಬಳಿದಿದ್ದ. ಹಬ್ಬದ ದಿನವಲ್ಲವೇ ಎಂದು ನಾನು ಕೇಳಿದೆ, ಆಗ ದನಿ ಬಂದಿತ್ತು. ಅವನು ಅರ್ಥವಾಗದವನಂತೆ ನೋಡಿದ. ವರ್ಷದಲ್ಲಿ ಅವನು ತಪ್ಪದೆ ಬೇಟೆಗೆ ಬರುವ ಬೆಳಗ್ಗೆ ಇದೊಂದೇ ಅಂತೆ. ಮನೆಯಲ್ಲಿ ಹೆಂಗಸರು ಟರ್ಕಿ ಕೋಳಿ ಬೇಯಿಸುವಷ್ಟು ಹೊತ್ತು ಈ ಕಡೆಯ ಗಂಡಸರೆಲ್ಲ ಕಾಡಿನಲ್ಲೇ ಇರುತ್ತಾರಂತೆ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ.

ಮೇಷ್ಟ್ರು ಜೇಬಿಗೆ ಕೈ ಹಾಕಿ ಕಲ್ಲುಸಕ್ಕರೆ ತೆಗೆದರು. ಸಕ್ಕರೆ ಕಾಯಿಲೆಯವರು ತಲೆಸುತ್ತು ಬಂದರೆ ಇರಲಿ ಎಂದು ಇಟ್ಟುಕೊಳ್ಳುತ್ತಾರಲ್ಲ, ಅದು. ಒಂದು ಹರಳನ್ನು ಅವನ ಅಂಗೈಗೆ ಹಾಕಿದರು.

“ಬಾಯಲ್ಲಿಟ್ಟುಕೊಳ್ಳಿ. ನಡುಕ ನಿಲ್ಲುತ್ತೆ.”

ಅವನು ಇದೇನೆಂದು ಕೇಳದೆ ಬಾಯಿಗೆ ಹಾಕಿಕೊಂಡ. ತನ್ನ ಕಿತ್ತಳೆ ಟೋಪಿ ತೆಗೆದು ಮೇಷ್ಟ್ರ ಬಿಳಿ ಟೋಪಿಯ ಮೇಲೆಯೇ ಇಟ್ಟ. ಗಡಿಯವರೆಗೂ ನಮ್ಮ ಜೊತೆ, ಜೋರಾಗಿ ಹವಾಮಾನದ ಬಗ್ಗೆ ಮಾತಾಡುತ್ತಾ ಬಂದ. ಬಿಳಿ ಚುಕ್ಕೆ ಸಿಕ್ಕಿದ ಮೇಲೆ, ಮನೆ ಯಾವುದು ಎಂದು ಕೇಳಿದ. ನೀಲಿ ಬಾಗಿಲು ಎಂದೆ.

ಹಬ್ಬದ ಮಧ್ಯಾಹ್ನ

ದಾರಿಯಲ್ಲಿ ಮೇಷ್ಟ್ರು ಒಂದೇ ಮಾತು ಆಡಿದರು. “ನಸ್ರೀನ್‌ಗೆ ಹೇಳಬೇಡಮ್ಮ. ಹೇಳಿದ್ರೆ ನನ್ನ ವಾಪಸ್ ಟಿಕೆಟ್ ಅವಳೇ ಬೇಗ ಮಾಡಿಸ್ತಾಳೆ.”

ಹೇಳಬೇಕೋ ಬೇಡವೋ ಎಂದು ಬಿರಿಯಾನಿಗೆ ಅಕ್ಕಿ ನೆನೆಹಾಕುತ್ತಾ ಯೋಚಿಸಿದೆ. ಹೇಳಿದರೆ ಅವರ ನಡಿಗೆ ಹೋಗುತ್ತದೆ, ನಡಿಗೆ ಹೋದರೆ ಅವರೇ ಹೋಗುತ್ತಾರೆ. ಹೇಳದಿದ್ದರೆ ನಾನು ಹೊರಟ ಮೇಲೆ ಇನ್ನೊಂದು ಬೆಳಗ್ಗೆ ಇನ್ನೊಂದು ಬಣ್ಣ ಹಿಡಿದು ಒಬ್ಬರೇ ಹೋಗುತ್ತಾರೆ. ಯಾವುದು ಎಂದು ತೀರ್ಮಾನಿಸುವ ಮೊದಲೇ ಬಾಗಿಲ ಗಂಟೆ ಹೊಡೆಯಿತು. ನಸ್ರೀನ್ ಆಗಷ್ಟೇ ಬಂದು ಕೈ ತೊಳೆದಿದ್ದಳು, ಅವಳೇ ತೆರೆದಳು.

ಹೊಸ್ತಿಲಲ್ಲಿ ಡೇಲ್. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟಿದ್ದ. ಒಂದು ಕೈಯಲ್ಲಿ ಹೆಂಡತಿ ಮಾಡಿಕೊಟ್ಟ, ಪೈ ಎಂಬ ಸಿಹಿ ತಿಂಡಿಯ ತಟ್ಟೆ, ಇನ್ನೊಂದರಲ್ಲಿ ಎರಡು ಕಿತ್ತಳೆ ವೆಸ್ಟು.

“ಬೆಳಗ್ಗೆಯಿಂದ ಅನ್ನ ಸೇರಲಿಲ್ಲ ಮೇಡಂ” ಎನ್ನುವ ಅರ್ಥದ ಮಾತೇನೋ ಹೇಳಿದ. “ನಿಮ್ಮ ತಂದೆಯವರು ಆರಾಮಾಗಿದ್ದಾರಾ ನೋಡೋಣ ಅಂತ ಬಂದೆ.”

ನಸ್ರೀನ್ ನನ್ನ ಮುಖ ನೋಡಿದಳು. ನಾನು ಅಕ್ಕಿ ನೋಡಿದೆ.

ಆಮೇಲೆ ನಡೆದದ್ದು ಉರ್ದುವಿನಲ್ಲಿ. ಡೇಲ್ ಸೋಫಾದ ತುದಿಯಲ್ಲಿ ಪೈ ಹಿಡಿದುಕೊಂಡೇ ಕೂತಿದ್ದ. ನನಗೆ ಅಷ್ಟಿಷ್ಟು ತಿಳಿಯಿತು. ಹಿರಿಯರು, ಹಟ, ಅಮ್ಮ ಇದ್ದಿದ್ದರೆ, ಇಷ್ಟು. ಒಂದು ಹಂತದಲ್ಲಿ ನಸ್ರೀನ್ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನೀನಿದ್ದೀಯ ಅಂತ ಧೈರ್ಯವಾಗಿದ್ದೆ ಕಣೇ” ಎಂದಳು.

ಮೇಷ್ಟ್ರು ಡೇಲ್ ಕಡೆ ತಿರುಗಿ ಇಂಗ್ಲಿಷಿನಲ್ಲಿ, “ನೀವು ಯಾವಾಗ ಕಾಡಲ್ಲಿ ಇರಲ್ಲ?” ಎಂದರು.

ಈ ಪ್ರಶ್ನೆಯನ್ನು ನಾವು ಯಾರೂ ಕೇಳಿರಲಿಲ್ಲ.

ಡೇಲ್ ಹೇಳಿದ. ಜಿಂಕೆ ಓಡಾಡುವುದು ಬೆಳಕು ಹರಿಯುವಾಗ ಮತ್ತು ಸಂಜೆ. ಬೆಳಗ್ಗೆ ಹತ್ತರ ಹೊತ್ತಿಗೆ ಅವನೂ ಈ ಕಡೆಯ ಬಹುಪಾಲು ಜನರೂ ಚಳಿ ಹಿಡಿದು ಕಾಫಿಗೆ ಇಳಿದುಬಿಡುತ್ತಾರೆ, ಮಧ್ಯಾಹ್ನ ಮೂರರವರೆಗೆ ಬರುವುದಿಲ್ಲ. ಆದರೂ ಯಾರಾದರೂ ಇರಬಹುದು ಎಂದೇ ತಿಳಿದು ನಡೆಯಬೇಕು. ಕಿತ್ತಳೆ ತೊಡಲೇಬೇಕು, ಎದೆಗೂ ಬೆನ್ನಿಗೂ ತಲೆಗೂ. ಬಿಳಿ ಬೇಡ, ಕಂದು ಬೇಡ. ಬಿಳಿ ಕರವಸ್ತ್ರ ತೆಗೆದು ಮೂಗು ಒರೆಸಿಕೊಳ್ಳುವುದೂ ಬೇಡ. ಬೇಟೆಗಾರ ಕಂಡರೆ ಕೈ ಬೀಸಬಾರದು, ನಿಂತು ಮಾತಾಡಬೇಕು. ಸುಮ್ಮನೆ ನಡೆಯಲೇಬಾರದು: ಮಾತಾಡಿ, ಹಾಡಿ, ಏನಾದರೂ ಸದ್ದು ಮಾಡಿ.

“ಸದ್ದಾ?” ಎಂದರು ಮೇಷ್ಟ್ರು. ಎದ್ದು ಒಳಗೆ ಹೋಗಿ ಸೂಟ್‌ಕೇಸಿನಿಂದ ಏನೋ ತಂದು, ಅಲ್ಲೇ ಹಾಲಿನಲ್ಲಿ ಊದಿದರು. ಹಿತ್ತಾಳೆಯ ಸೀಟಿ. ಡೇಲ್ ಕೈಯಲ್ಲಿದ್ದ ಪೈ ಅಲುಗಿತು.

“ಸರ್” ಎಂದ ಡೇಲ್, ಕಿವಿ ಉಜ್ಜಿಕೊಳ್ಳುತ್ತಾ. “ಒಂದೇ ಕೇಳಿಕೆ. ಹತ್ತಕ್ಕೆ ಮೊದಲು ಅದನ್ನ ಊದಬೇಡಿ. ಊದಿದ್ರೆ ಮೂರು ಮೈಲಿಯಲ್ಲಿ ಒಂದು ಜಿಂಕೆ ಇರಲ್ಲ.”

ಮೇಷ್ಟ್ರು ಯೋಚಿಸಿದರು. ನಮಾಜು ಮುಗಿದ ಕೂಡಲೇ ನಡೆಯುವುದು ಅವರ ಅರ್ಧ ಆಯುಷ್ಯದ ರೂಢಿ. ಅದನ್ನು ಬಿಡುವುದು ಎಷ್ಟು ಕಷ್ಟವೋ ಅವರ ಮುಖದಲ್ಲಿ ಕಾಣುತ್ತಿತ್ತು.

“ಸ್ಕೂಲಲ್ಲಿ ಹೀಗೇ” ಎಂದರು ಕೊನೆಗೆ, ಯಾರಿಗೂ ಅಲ್ಲ ಎಂಬಂತೆ. “ಗ್ರೌಂಡ್ ಒಂದೇ ಇರುತ್ತೆ. ಫಸ್ಟ್ ಪೀರಿಯಡ್ ಒಬ್ಬರದ್ದು, ಸೆಕೆಂಡ್ ಪೀರಿಯಡ್ ಇನ್ನೊಬ್ಬರದ್ದು. ಟೈಂಟೇಬಲ್ ಅಂದ್ಮೇಲೆ ನಡೀಬೇಕು.” ಆಮೇಲೆ ಮಗಳ ಕಡೆ ನೋಡಿ, “ಸರೀನಾ?” ಎಂದರು.

ನಸ್ರೀನ್ ಮೊದಲು ಬಾಗಿಲ ಹಿಂದಿನ ವೆಸ್ಟಿನಿಂದ ಬೆಲೆಯ ಚೀಟಿ ಕಿತ್ತಳು. ಆಮೇಲೆ ತಲೆಯಾಡಿಸಿದಳು.

ಭಾನುವಾರ

ಭಾನುವಾರ ನಾವಿಬ್ಬರೂ ಕಿತ್ತಳೆ ತೊಟ್ಟು ಕಾಡಿಗೆ ಹೋದೆವು. ಬಂದೂಕು ಇಲ್ಲದ ದಿನವಾದರೂ ನಸ್ರೀನ್ ಬಿಡಲಿಲ್ಲ. ಎದುರಾದವರೆಲ್ಲ, ನಾಯಿಗಳೂ ಸೇರಿ, ಕಿತ್ತಳೆ. ಕಾಡಿನಲ್ಲಿ ಅಡಗಿ ನಡೆಯಲು ಕಲಿತವಳಿಗೆ ಹೀಗೆ ಮೆರವಣಿಗೆ ಹೊರಟಂತೆ ನಡೆಯುವುದು ಮುಜುಗರವಾಗುತ್ತಿತ್ತು. ನಮ್ಮಲ್ಲಿ ಪ್ರಾಣಿಯ ಕಣ್ಣು ತಪ್ಪಿಸಬೇಕು, ಇಲ್ಲಿ ಮನುಷ್ಯನ ಕಣ್ಣಿಗೆ ಬೀಳಬೇಕು. ಎರಡೂ ಕಾಡಿನಲ್ಲಿ ಕಾಲು ಒಂದೇ ಥರ ನಡೆದರೂ ತಲೆ ತಿರುಗುಮುರುಗಾಗಬೇಕಿತ್ತು.

ಮೇಷ್ಟ್ರನ್ನು ಕೇಳಿದೆ: “ಆವತ್ತು ದನಿಗೆ ಮೊದಲು ‘ಟಿಕ್’ ಅಂತ ಸದ್ದು ಕೇಳಿತಲ್ಲ, ನಿಮಗೂ ಕೇಳಿತಾ?”

“ಇಲ್ಲಮ್ಮ.”

“ಬಂದೂಕಿನದ್ದು. ಲೋಹದ್ದು.”

“ನನಗೆ ಕೇಳಲಿಲ್ಲ.”

ಹಬ್ಬದ ರಾತ್ರಿಯ ಡೈರಿಯಲ್ಲಿ ನಾನು ಪೈ ಬಗ್ಗೆ ಬರೆದಿದ್ದೇನೆ, ಡೇಲ್‌ನ ಇಸ್ತ್ರಿ ಶರ್ಟಿನ ಬಗ್ಗೆ ಬರೆದಿದ್ದೇನೆ. ಸದ್ದಿನ ಮಾತೇ ಇಲ್ಲ. ಹಾಗಾದರೆ ಅದು ಆಮೇಲೆ ಸೇರಿಕೊಂಡಿತೇ? ಕಥೆಗೆ ಒಂದು ಸದ್ದು ಬೇಕಿತ್ತೆಂದು ನಾನೇ ಹಾಕಿಕೊಂಡೆನೇ? ಹೀಗೆಲ್ಲ ಅವರಿಗೆ ಹೇಳಿದೆ.

ಮೇಷ್ಟ್ರು ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತಾ ನಡೆದರು. “ಸದ್ದು ಬಿಡು. ಅವನು ಇಳಿದು ಬಂದು ಕೂತಾಗ ಅವನ ಕೈ ನೋಡಿದ್ಯಾ?”

“ನೋಡಿದೆ.”

“ನಾನೂ ನೋಡಿದೆ. ಇಬ್ಬರೂ ನೋಡಿದ್ದು ಅದು. ಅದನ್ನ ಬರಿ.”

ಕೊನೆಯ ಬೆಳಗ್ಗೆ

ನಾನು ಹೊರಡುವ ಮಂಗಳವಾರ, ಸಾಮಾನು ಕಟ್ಟಿಟ್ಟು, ಅವರ ಜೊತೆ ಇನ್ನೊಂದು ಸಲ ಹೋದೆ. ನಸ್ರೀನ್ ಕೆಲಸಕ್ಕೆ ಹೊರಡುವಾಗ ಅಪ್ಪನ ವೆಸ್ಟಿನ ಪಟ್ಟಿಯನ್ನು ತಾನೇ ಬಿಗಿಮಾಡಿ ಹೋಗಿದ್ದಳು. ಟಿಕೆಟ್ಟಿನ ಮಾತು ಮತ್ತೆ ಯಾರೂ ಎತ್ತಿರಲಿಲ್ಲ. ಮೇಷ್ಟ್ರು ನೀಲಿ ಪ್ಯಾಂಟು ತೊಟ್ಟಿದ್ದರು. ಅದರಲ್ಲಿ ಅವರನ್ನು ಕಂಡದ್ದು ಅದೇ ಮೊದಲು, ಯಾರೋ ಬೇರೆಯವರಂತೆ ಕಾಣುತ್ತಿದ್ದರು. ಹೆಂಡತಿ ಹೆಣೆದ ಕಂದು ಸ್ವೆಟರ್ ಮಾತ್ರ ಬಿಟ್ಟಿರಲಿಲ್ಲ. ವೆಸ್ಟಿನ ಒಳಗೆ ಹಾಕಿಕೊಂಡು ಅದರ ಮೇಲೆ ಡೇಲ್ ಕೊಟ್ಟ ಟೋಪಿಗೆ ಹೊಂದುವ ಕಿತ್ತಳೆ ಮಫ್ಲರ್ ಸುತ್ತಿದ್ದರು.

ಕಾಡಿನ ಬಾಯಲ್ಲಿ ನಿಂತು ಗಡಿಯಾರ ನೋಡಿದರು. ಹತ್ತಾಗಲಿ ಎಂದು ಕಾದರು. ನಾನು ಏನೋ ಹೇಳಲು ಹೋದರೆ ಕೈ ಎತ್ತಿ ತಡೆದರು. ಆಮೇಲೆ ಸೀಟಿಯನ್ನು ತುಟಿಗಿಟ್ಟು ಒಂದು ಉದ್ದನೆಯ ಊದು ಊದಿದರು. ಎಲೆ ಕಳೆದುಕೊಂಡ ಮರಗಳ ನಡುವೆ ಅದು ಬಹಳ ದೂರ ಹೋಯಿತು. ನಾವು ಕಾಡಿನತ್ತ ಕಿವಿಗೊಟ್ಟು ನಿಂತೆವು.

ಏನೂ ಇಲ್ಲ. ಒಂದು ಅಳಿಲು ಮರ ಹತ್ತಿತು.

ಮೇಷ್ಟ್ರು ಕಾಲು ಮುಂದಿಡಲಿಲ್ಲ. ಆಗ ನೇರಳೆ ಪಟ್ಟಿಗಳ ಕಡೆಯಿಂದ, ಮರಗಳಾಚೆಯಿಂದ, ಯಾರೋ ಬಾಯಿಗೆ ಬೆರಳಿಟ್ಟು ಹೊಡೆದ ಶಿಳ್ಳೆ ಬಂತು. ಒಂದೇ ಸಲ, ಉದ್ದಕ್ಕೆ. ಅದರ ಹಿಂದೆಯೇ ಗಾಡಿಯೊಂದರ ಬಾಗಿಲು ಹಾಕಿಕೊಂಡ ಸದ್ದು. ಇದನ್ನು ನಾವಿಬ್ಬರೂ ಕೇಳಿದೆವು. ಅವರನ್ನು ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಮೇಷ್ಟ್ರು ಮತ್ತೆ ಗಡಿಯಾರ ನೋಡಿದರು.

“ಲೇಟು” ಎಂದರು. “ಪರವಾಗಿಲ್ಲ, ಹೊಸಬ.” ಆಮೇಲೆ ಎಡಗಾಲು ಮೊದಲಿಟ್ಟು, ನನಗೆ ಕೇಳುವಂತೆ ಗಟ್ಟಿಯಾಗಿ ಏಕ್ ದೋ ಏಕ್ ಎನ್ನುತ್ತಾ ಕಾಡಿನೊಳಗೆ ಹೊರಟರು.